ಬ್ರೋಷರ್‌ನಲ್ಲಿ ತೋರಿಸಿದ್ದ ಉದ್ಯಾನದ ಜಾಗದಲ್ಲಿ ಹೊಸ ಟವರ್: ಕೀಲಿ ಪಡೆಯುವ ಮುನ್ನ ನಮಗಿರುವ ಕಾನೂನಿನ ದಾರಿಗಳು ಯಾವುವು?

ಹೆಣ್ಣೂರಿನ ಖರೀದಿದಾರ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಹೆಣ್ಣೂರು ಕಡೆಯ ಒಂದು ವಸತಿ ಸಮುಚ್ಚಯದಲ್ಲಿ ನಾನೂ ನನ್ನ ಪತ್ನಿಯೂ ಜಂಟಿಯಾಗಿ ಒಂದು ಫ್ಲ್ಯಾಟ್ ಖರೀದಿಸುತ್ತಿದ್ದೇವೆ. ಯೋಜನೆ ಕರ್ನಾಟಕ ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯಾಗಿದೆ. ಕ್ರಯದ ಕರಾರು 2020ರಲ್ಲಿ ನೋಂದಣಿಯಾಯಿತು. ಅದರ ಪ್ರಕಾರ 2023ರ ಡಿಸೆಂಬರ್ ಒಳಗೆ, ಆರು ತಿಂಗಳ ಹೆಚ್ಚುವರಿ ಅವಧಿಯನ್ನು ಸೇರಿಸಿದರೆ 2024ರ ಜೂನ್ ಒಳಗೆ, ಮನೆ ನಮ್ಮ ಸ್ವಾಧೀನಕ್ಕೆ ಬರಬೇಕಿತ್ತು. ಇದುವರೆಗೆ 78 ಲಕ್ಷ ರೂಪಾಯಿ ಕೊಟ್ಟಿದ್ದೇವೆ. ಅದರಲ್ಲಿ ಹೆಚ್ಚಿನ ಪಾಲು ಬ್ಯಾಂಕ್ ಸಾಲ.

ಬ್ರೋಷರ್‌ನಲ್ಲಿ ನಮ್ಮ ಟವರ್‌ನ ಮುಂದೆ ಒಂದೂವರೆ ಎಕರೆಯ ಉದ್ಯಾನ, ಈಜುಕೊಳವಿರುವ ಕ್ಲಬ್ ಹೌಸ್ ಮತ್ತು ಕಾವೇರಿ ನೀರಿನ ಸಂಪರ್ಕವನ್ನು ತೋರಿಸಿದ್ದರು. ಈಗ ಉದ್ಯಾನದ ಜಾಗದಲ್ಲಿ ಹೊಸ ಟವರ್‌ಗೆ ಪಾಯ ತೋಡುತ್ತಿದ್ದಾರೆ, ಕ್ಲಬ್ ಹೌಸ್ ಕೆಲಸ ಆರಂಭವಾಗಿಲ್ಲ, ನೀರು ಟ್ಯಾಂಕರ್‌ನಲ್ಲಿ ಬರುತ್ತಿದೆ. ಮಾರಾಟದ ಸಿಬ್ಬಂದಿ 1,640 ಚದರಡಿ ಎಂದು ಹೇಳಿದ್ದ ಮನೆಯನ್ನು ಒಳಗೆ ಅಳೆದರೆ 1,080 ಚದರಡಿ ಸಿಗುತ್ತದೆ. ನಮ್ಮ ಟವರ್‌ಗೆ ಭಾಗಶಃ ಓಸಿ (ವಾಸಕ್ಕೆ ಅನುಮತಿ ನೀಡುವ ಪ್ರಮಾಣಪತ್ರ) ಬಂದಿದೆ ಎಂದು ಬಿಲ್ಡರ್ ಪತ್ರ ಕಳುಹಿಸಿದ್ದಾರೆ. ಮೂವತ್ತು ದಿನಗಳೊಳಗೆ ಬಾಕಿ ಹಣ ಮತ್ತು ಎರಡು ವರ್ಷದ ನಿರ್ವಹಣಾ ಶುಲ್ಕ ಕಟ್ಟಿ ಕೀಲಿ ಪಡೆಯಬೇಕು, ಜೊತೆಗೆ ವಿಳಂಬ, ಅಳತೆ ಹಾಗೂ ಸೌಲಭ್ಯಗಳ ಬಗ್ಗೆ ಯಾವ ತಕರಾರೂ ಇಲ್ಲವೆಂದು ಮುಚ್ಚಳಿಕೆ ಬರೆದುಕೊಡಬೇಕು, ಇಲ್ಲವಾದರೆ ತಿಂಗಳಿಗಿಷ್ಟು ಎಂದು ಕಾಯ್ದಿರಿಸುವ ಶುಲ್ಕ ವಿಧಿಸುತ್ತೇವೆ ಎಂಬುದು ಅದರ ಸಾರ. ನಮಗೆ ಮನೆ ಬೇಕು, ಆದರೆ ಮೋಸವನ್ನು ಒಪ್ಪಿಕೊಂಡು ಬೇಡ. ತಿಳಿದವರು ದಾರಿ ತೋರಿಸಬೇಕೆಂದು ವಿನಂತಿ.

ರೇರಾ ವಕೀಲೆ

ಹೆಣ್ಣೂರಿನವರೇ, ತುರ್ತಿನ ವಿಷಯವನ್ನು ಮೊದಲು ಹೇಳುತ್ತೇನೆ. ಆ ಮುಚ್ಚಳಿಕೆಗೆ ಈಗಿರುವ ರೂಪದಲ್ಲಿ ಸಹಿ ಹಾಕಬೇಡಿ. ಹಾಗೆಂದು ಪತ್ರಕ್ಕೆ ಉತ್ತರ ಕೊಡದೆ ಸುಮ್ಮನೆಯೂ ಇರಬೇಡಿ. ಓಸಿ ಬಂದ ಎರಡು ತಿಂಗಳೊಳಗೆ ಖರೀದಿದಾರರು ಸ್ವಾಧೀನ ಪಡೆಯಬೇಕೆಂದು ರೇರಾ ಕಾಯ್ದೆಯ 19ನೇ ಕಲಂ ಹೇಳುತ್ತದೆ. ಹಾಗಾಗಿ ನೀವು ಮೌನವಾಗಿದ್ದರೆ, ಕರೆದರೂ ಬರಲಿಲ್ಲವೆಂದು ಬಿಲ್ಡರ್ ನಾಳೆ ವಾದಿಸಬಹುದು. ಕರಾರಿನಂತೆ ಸಲ್ಲಬೇಕಾದ ಬಾಕಿಯನ್ನು ಪಾವತಿಸಿ ಸ್ವಾಧೀನ ಪಡೆಯಲು ಸಿದ್ಧರಿದ್ದೇವೆ, ಆದರೆ ವಿಳಂಬದ ಬಡ್ಡಿ, ಉದ್ಯಾನ ಮತ್ತು ಕ್ಲಬ್ ಹೌಸ್ ಕುರಿತ ನಮ್ಮ ಎಲ್ಲ ಹಕ್ಕುಗಳನ್ನು ಕಾಯ್ದಿರಿಸಿಕೊಂಡಿದ್ದೇವೆ, ಮುಚ್ಚಳಿಕೆಯ ಷರತ್ತು ಕಾನೂನುಬಾಹಿರ ಎಂದು ಸ್ಪಷ್ಟವಾಗಿ ಬರೆದು, ಇಮೇಲ್ ಮತ್ತು ಸ್ಪೀಡ್ ಪೋಸ್ಟ್ ಎರಡರಲ್ಲೂ ಕಳುಹಿಸಿ. ಬಡ್ಡಿ ಬರಬೇಕಿದೆ ಎಂದು ನೀವೇ ಲೆಕ್ಕ ಹಾಕಿ ಬಾಕಿಯಲ್ಲಿ ಕಳೆದುಕೊಳ್ಳುವುದೂ ಬೇಡ. ಬಿಲ್ಡರ್ ತಡಮಾಡಿದರೆ ಕೊಡಬೇಕಾದ ಬಡ್ಡಿಯ ದರಕ್ಕೂ ಖರೀದಿದಾರರು ತಡಮಾಡಿದರೆ ಕೊಡಬೇಕಾದ ದರಕ್ಕೂ ಕಾಯ್ದೆಯಲ್ಲಿ ವ್ಯತ್ಯಾಸವಿಲ್ಲ. ಸುಸ್ತಿದಾರರೆಂಬ ಆರೋಪಕ್ಕೆ ಅವಕಾಶ ಕೊಡಬಾರದು.

ಮುಚ್ಚಳಿಕೆಯ ವಿಷಯದಲ್ಲಿ ನಿಮ್ಮ ಪರವಾಗಿ ಬಲವಾದ ತೀರ್ಪೊಂದಿದೆ, ಅದೂ ಬೆಂಗಳೂರಿನದೇ ಪ್ರಕರಣ. ಬೇಗೂರಿನ ವಸತಿ ಯೋಜನೆಯೊಂದರ 339 ಫ್ಲ್ಯಾಟ್ ಖರೀದಿದಾರರ ಪರವಾಗಿ ನಡೆದ ವಿಂಗ್ ಕಮಾಂಡರ್ ಅರಿಫುರ್ ರಹಮಾನ್ ಖಾನ್ ವಿರುದ್ಧ ಡಿಎಲ್‌ಎಫ್ ಸದರ್ನ್ ಹೋಮ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 24ರಂದು ತೀರ್ಪು ನೀಡಿತು. ಪರಿಹಾರ ಕೇಳುವ ಹಕ್ಕನ್ನು ಬಿಟ್ಟುಕೊಟ್ಟರೆ ಮಾತ್ರ ಸ್ವಾಧೀನ ಮತ್ತು ಕ್ರಯಪತ್ರ, ಹಕ್ಕನ್ನು ಉಳಿಸಿಕೊಂಡರೆ ಮನೆಯಿಲ್ಲ ಎಂಬ ಆಯ್ಕೆಯನ್ನು ಖರೀದಿದಾರರ ಮುಂದಿಡುವುದೇ ಅನ್ಯಾಯವೆಂದು ನ್ಯಾಯಾಲಯ ಹೇಳಿತು. ತಿಂಗಳಿಗೆ ಚದರಡಿಗೆ 5 ರೂಪಾಯಿ ಎಂದು ಕರಾರಿನಲ್ಲಿ ಬರೆದಿದ್ದ ಅಲ್ಪ ಮೊತ್ತಕ್ಕೇ ಪರಿಹಾರ ಸೀಮಿತವಲ್ಲವೆಂದು, ಅದರ ಜೊತೆಗೆ ವಾರ್ಷಿಕ ಶೇ. 6ರ ಬಡ್ಡಿಯನ್ನೂ ಕೊಡಿಸಿತು. ನಿಮ್ಮ ಪತ್ರದಲ್ಲಿ ಈ ತೀರ್ಪನ್ನು ಹೆಸರಿಸಿ.

ಇನ್ನು ನೀವು ನಿರ್ಧರಿಸಬೇಕಾದದ್ದು ಒಂದೇ: ಯೋಜನೆಯಲ್ಲಿ ಉಳಿಯುವಿರೋ, ಹೊರಬರುವಿರೋ? ದೂರು ಎಲ್ಲಿ ಕೊಡಬೇಕು, ಏನು ಕೇಳಬೇಕು ಎಂಬುದೆಲ್ಲ ಈ ತೀರ್ಮಾನದ ನಂತರ. ಎರಡನ್ನೂ ಕೇಳುವ, ಯಾವುದು ಸಿಕ್ಕರೂ ಸರಿ ಎಂಬ ದೂರುಗಳನ್ನು ನಾನು ಬಹಳ ನೋಡಿದ್ದೇನೆ. ಅವು ವಿಚಾರಣೆಯಲ್ಲಿ ದುರ್ಬಲವಾಗುತ್ತವೆ. 18ನೇ ಕಲಂ ಎರಡು ದಾರಿ ಕೊಡುತ್ತದೆ. ಕರಾರಿನ ದಿನಾಂಕಕ್ಕೆ ಸ್ವಾಧೀನ ಕೊಡದಿದ್ದರೆ, ಹೊರಬರುವವರಿಗೆ ಪೂರ್ತಿ ಹಣ ಬಡ್ಡಿ ಸಹಿತ ವಾಪಸು. ಉಳಿಯುವವರಿಗೆ ಸ್ವಾಧೀನ ಸಿಗುವವರೆಗೆ ಪ್ರತಿ ತಿಂಗಳ ವಿಳಂಬಕ್ಕೂ ಬಡ್ಡಿ. ಹೊರಬರುವ ಹಕ್ಕು ಷರತ್ತುರಹಿತ ಹಕ್ಕು, ಬಿಲ್ಡರ್ ಕೊಡುವ ಕಾರಣಗಳಿಂದ ಅದು ಮಸುಕಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2021ರ ನವೆಂಬರ್ 11ರ ನ್ಯೂಟೆಕ್ ಪ್ರಮೋಟರ್ಸ್ ತೀರ್ಪಿನಲ್ಲಿ ಹೇಳಿದೆ. ಆದರೆ ಓಸಿ ಬಂದು, ಸ್ವಾಧೀನಕ್ಕೆ ಕರೆ ಬಂದ ಮೇಲೂ ತಿಂಗಳುಗಟ್ಟಲೆ ಕಾದು ಆಮೇಲೆ ಹೊರಬರುತ್ತೇನೆ ಎನ್ನುವವರ ವಾದ ಕಷ್ಟವಾಗುತ್ತದೆ. ಹೊರಬರುವ ಮನಸ್ಸಿದ್ದರೆ ಈಗಲೇ ಬರೆದು ತಿಳಿಸಬೇಕು.

ನಿಮಗೆ ಮನೆ ಬೇಕು ಎಂದಿದ್ದೀರಿ. ಹಾಗಾದರೆ ವಿಳಂಬದ ಬಡ್ಡಿಯನ್ನು ಲೆಕ್ಕ ಹಾಕಿ. ಕರ್ನಾಟಕದ 2017ರ ನಿಯಮಗಳ ಪ್ರಕಾರ ಭಾರತೀಯ ಸ್ಟೇಟ್ ಬ್ಯಾಂಕಿನ ಅತ್ಯಧಿಕ ಎಂಸಿಎಲ್‌ಆರ್ ದರಕ್ಕೆ (ಬ್ಯಾಂಕ್ ಸಾಲ ಕೊಡುವಾಗ ಆಧಾರವಾಗಿಟ್ಟುಕೊಳ್ಳುವ ದರ) ಶೇ. 2 ಸೇರಿಸಿದರೆ ಬಡ್ಡಿಯ ದರ ಸಿಗುತ್ತದೆ. ಉದಾಹರಣೆಗೆ ಒಟ್ಟು ದರ ಶೇ. 11 ಎಂದು ಇಟ್ಟುಕೊಂಡರೆ, 78 ಲಕ್ಷಕ್ಕೆ ತಿಂಗಳಿಗೆ 71,500 ರೂಪಾಯಿ. ಮುಚ್ಚಳಿಕೆಗೆ ಸಹಿ ಹಾಕಿದರೆ ನೀವು ಬಿಟ್ಟುಕೊಡುವುದು ಎಷ್ಟು ಎಂಬುದು ಇದರಿಂದ ತಿಳಿಯುತ್ತದೆ. ಕೋವಿಡ್ ಕಾರಣಕ್ಕೆ ರೇರಾ ಅವಧಿ ವಿಸ್ತರಿಸಿದೆ ಎಂದು ಬಿಲ್ಡರ್ ಹೇಳಬಹುದು. 2020ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಆರು ತಿಂಗಳ ವಿಸ್ತರಣೆಗೆ ಸಲಹೆ ನೀಡಿದ್ದು ನಿಜ. ಆದರೆ ನಿಮ್ಮ ಕರಾರು ಅದರ ನಂತರದ್ದೇ ಆಗಿದ್ದರೆ, ಆ ಪರಿಸ್ಥಿತಿ ತಿಳಿದೇ 2023ರ ದಿನಾಂಕವನ್ನು ಅವರು ಒಪ್ಪಿದ್ದಾರೆ. ಅದೂ ಅಲ್ಲದೆ ಯೋಜನೆಯ ನೋಂದಣಿ ಅವಧಿ ವಿಸ್ತರಣೆಯಾದ ಮಾತ್ರಕ್ಕೆ ಖರೀದಿದಾರರೊಂದಿಗಿನ ಕರಾರಿನ ದಿನಾಂಕ ಬದಲಾಗುವುದಿಲ್ಲ. ರೇರಾ ಕರಾರನ್ನು ಹೊಸದಾಗಿ ಬರೆಯುವುದಿಲ್ಲವೆಂದು ಬಾಂಬೆ ಹೈಕೋರ್ಟ್ 2017ರ ಡಿಸೆಂಬರ್‌ನಲ್ಲಿ ನೀಲಕಮಲ್ ರಿಯಲ್ಟರ್ಸ್ ಪ್ರಕರಣದಲ್ಲಿ ಹೇಳಿದೆ.

ಅಳತೆಯ ವಿಷಯದಲ್ಲಿ ನಿಮಗೆ ಸಮಾಧಾನದ ಮಾತು ಹೇಳಲಾರೆ. ಕಾಯ್ದೆ ಗುರುತಿಸುವುದು ಕಾರ್ಪೆಟ್ ಏರಿಯಾವನ್ನು, ಅಂದರೆ ಹೊರಗೋಡೆ, ಬಾಲ್ಕನಿ ಮತ್ತು ತೆರೆದ ತಾರಸಿಗಳನ್ನು ಬಿಟ್ಟು, ಒಳಗೋಡೆಗಳನ್ನು ಸೇರಿಸಿದ ಬಳಕೆಯ ಜಾಗವನ್ನು. ನಿಮ್ಮ ನೋಂದಾಯಿತ ಕರಾರಿನಲ್ಲಿ 1,080 ಎಂದೇ ಬರೆದಿದ್ದರೆ, ಸಿಬ್ಬಂದಿ ಬಾಯಲ್ಲಿ ಹೇಳಿದ, ಸಾಮಾನ್ಯ ಜಾಗಗಳ ಪಾಲೂ ಸೇರಿದ ಸೂಪರ್ ಬಿಲ್ಟಪ್ ಅಳತೆಯ ಮೇಲೆ ಪರಿಹಾರ ಸಿಗುವುದು ಕಷ್ಟ. ಇದನ್ನು ದೂರಿನ ಮುಂಚೂಣಿಯಲ್ಲಿ ಇಟ್ಟರೆ ಗಟ್ಟಿಯಾದ ಬೇಡಿಕೆಗಳೂ ತೆಳುವಾಗಿ ಕಾಣುತ್ತವೆ. ಗಟ್ಟಿಯಾದ ಬೇಡಿಕೆಗಳು ಎರಡು: ವಿಳಂಬದ ಬಡ್ಡಿ ಮತ್ತು ಉದ್ಯಾನ.

ಹೆಣ್ಣೂರಿನ ಖರೀದಿದಾರ

ಮೇಡಂ, ಇಷ್ಟು ವಿವರವಾಗಿ ಬರೆದಿದ್ದಕ್ಕೆ ಕೃತಜ್ಞತೆಗಳು. ಕರಾರಿನಲ್ಲಿ 1,080 ಎಂದೇ ಇದೆ, ಕರಾರಿನ ತಿಂಗಳು 2020ರ ಅಕ್ಟೋಬರ್. ಉದ್ಯಾನದ ಬಗ್ಗೆ ಕೇಳಿದಾಗ ಬಿಲ್ಡರ್ ಕಚೇರಿಯವರು ಎರಡು ಉತ್ತರ ಕೊಟ್ಟರು. ಆ ಜಾಗ ಎರಡನೇ ಹಂತಕ್ಕೆ ಸೇರಿದ್ದು, ನಿಮ್ಮ ಹಂತದ ನೋಂದಣಿಯಲ್ಲಿ ಅದು ಇಲ್ಲ ಎಂಬುದು ಒಂದು. ನಕ್ಷೆಯಲ್ಲಿ ಯಾವುದೇ ಬದಲಾವಣೆಗೆ ನಮ್ಮ ಒಪ್ಪಿಗೆ ಇದೆ ಎಂದು ಕರಾರಿನಲ್ಲೇ ಬರೆದಿದೆ, ಬ್ರೋಷರ್ ಕೇವಲ ಕಲಾವಿದರ ಕಲ್ಪನೆ ಎಂಬುದು ಇನ್ನೊಂದು. ಇದಕ್ಕೆ ಕಾನೂನಿನಲ್ಲಿ ಉತ್ತರವಿದೆಯೇ?

ರೇರಾ ವಕೀಲೆ

ಇದೆ. ಈ ಪ್ರಕರಣದಲ್ಲಿ ಹೆಚ್ಚು ಶ್ರಮ ಹಾಕಬೇಕಾದ ಭಾಗವೂ ಇದೇ.

ಬ್ರೋಷರ್‌ನಿಂದ ಆರಂಭಿಸೋಣ. ಕಾಯ್ದೆಯಲ್ಲಿ ಜಾಹೀರಾತು ಎಂಬ ಪದದ ವ್ಯಾಖ್ಯೆಯೊಳಗೇ ಯಾವುದೇ ರೂಪದ ಪ್ರಚಾರವೂ ಸೇರಿದೆ, ಬ್ರೋಷರ್ ಅದರಲ್ಲಿ ಬರುತ್ತದೆ. ಜಾಹೀರಾತಿನಲ್ಲೋ ಮಾದರಿ ಮನೆಯಲ್ಲೋ ಕಂಡದ್ದನ್ನು ನಂಬಿ ಹಣ ಕೊಟ್ಟವರಿಗೆ, ಅದು ಸುಳ್ಳಾಗಿದ್ದು ನಷ್ಟವಾದರೆ, ಪರಿಹಾರ ಕೊಡಬೇಕು; ಅವರು ಹೊರಬರಲು ಬಯಸಿದರೆ ಪೂರ್ತಿ ಹಣವನ್ನು ಬಡ್ಡಿ ಸಹಿತ ಹಿಂತಿರುಗಿಸಬೇಕು ಎಂದು 12ನೇ ಕಲಂ ಹೇಳುತ್ತದೆ. ಇದು ಶಾಸನವೇ ಬಿಲ್ಡರ್ ಮೇಲೆ ಹೊರಿಸಿದ ಹೊಣೆ. ಬ್ರೋಷರ್ ಕರಾರಿನ ಭಾಗವಲ್ಲ ಎಂಬ ಸಣ್ಣ ಅಕ್ಷರದ ಸಾಲು ಇದನ್ನು ಅಳಿಸಲಾರದು. ಏಕಪಕ್ಷೀಯ ಕರಾರಿನ ಷರತ್ತುಗಳನ್ನು ಖರೀದಿದಾರರ ಮೇಲೆ ಹೇರುವಂತಿಲ್ಲವೆಂದು 2019ರ ಏಪ್ರಿಲ್ 2ರ ಪಯೋನಿಯರ್ ಅರ್ಬನ್ ವಿರುದ್ಧ ಗೋವಿಂದನ್ ರಾಘವನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಆ ಕರಾರಿನಲ್ಲಿ ಖರೀದಿದಾರ ತಡಮಾಡಿದರೆ ಶೇ. 18, ಬಿಲ್ಡರ್ ಹಣ ಹಿಂತಿರುಗಿಸಬೇಕಾದರೆ ಶೇ. 9 ಎಂದು ಬರೆಯಲಾಗಿತ್ತು.

ನಕ್ಷೆಯ ಬದಲಾವಣೆಗೆ 14ನೇ ಕಲಂ ಅನ್ವಯಿಸುತ್ತದೆ. ಮಂಜೂರಾದ ನಕ್ಷೆ, ವಿನ್ಯಾಸ ಅಥವಾ ಸಾಮಾನ್ಯ ಪ್ರದೇಶಗಳಲ್ಲಿ ಬದಲಾವಣೆ ಮಾಡಲು ಬಿಲ್ಡರ್‌ನನ್ನು ಬಿಟ್ಟು ಉಳಿದ ಖರೀದಿದಾರರಲ್ಲಿ ಕನಿಷ್ಠ ಮೂರನೇ ಎರಡರಷ್ಟು ಮಂದಿಯ ಲಿಖಿತ ಒಪ್ಪಿಗೆ ಮೊದಲೇ ಬೇಕು. ಒಬ್ಬರು ಎಷ್ಟು ಫ್ಲ್ಯಾಟ್ ಕೊಂಡಿದ್ದರೂ ಒಂದೇ ಮತ. ಯಾವ ಬದಲಾವಣೆ ಎಂದೇ ತಿಳಿಸದೆ ಕರಾರಿನಲ್ಲಿ ಸಾರಾಸಗಟಾಗಿ ಬರೆಸಿಕೊಂಡ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ನಿರ್ದಿಷ್ಟ ನಕ್ಷೆಯನ್ನು ಮುಂದಿಟ್ಟು ಪಡೆದ ಒಪ್ಪಿಗೆಯೇ ಬೇಕೆಂದು ಮಹಾರಾಷ್ಟ್ರದ ಫ್ಲ್ಯಾಟ್ ಕಾಯ್ದೆಯಡಿ ಬಾಂಬೆ ಹೈಕೋರ್ಟ್ ಹಿಂದೆಯೇ ಹೇಳಿದೆ. ಆ ತರ್ಕವನ್ನು ಇಲ್ಲಿಯೂ ಮುಂದಿಡಬಹುದು.

ಎರಡನೇ ಹಂತದ ವಾದವೇ ನಿಜವಾದ ಸವಾಲು. ಪ್ರತಿ ಹಂತವನ್ನೂ ಪ್ರತ್ಯೇಕ ಯೋಜನೆಯಾಗಿ ನೋಂದಾಯಿಸಲು ಕಾಯ್ದೆ ಅವಕಾಶ ಕೊಡುತ್ತದೆ. ಆದ್ದರಿಂದ ನೀವು ಮೊದಲು ಮಾಡಬೇಕಾದದ್ದು ಕರ್ನಾಟಕ ರೇರಾ ಜಾಲತಾಣದಿಂದ ನಿಮ್ಮ ಹಂತದ ನೋಂದಣಿಗೆ ಲಗತ್ತಿಸಿದ ಮಂಜೂರಾದ ನಕ್ಷೆಯನ್ನು ಇಳಿಸಿಕೊಳ್ಳುವುದು. ಅದರಲ್ಲಿ ಆ ಒಂದೂವರೆ ಎಕರೆ ಉದ್ಯಾನವೆಂದೋ ಕಡ್ಡಾಯವಾಗಿ ಬಿಡಬೇಕಾದ ತೆರೆದ ಜಾಗವೆಂದೋ ಗುರುತಾಗಿದೆಯೇ, ನಿಮ್ಮ ಕರಾರಿನ ಸಾಮಾನ್ಯ ಪ್ರದೇಶಗಳ ಷೆಡ್ಯೂಲ್‌ನಲ್ಲಿ ಅದು ಇದೆಯೇ, ಜಮೀನಿನಲ್ಲಿ ನಿಮ್ಮ ಫ್ಲ್ಯಾಟ್‌ಗಿರುವ ಅವಿಭಾಜ್ಯ ಪಾಲನ್ನು ಇಡೀ ಜಮೀನಿನ ಮೇಲೆ ಲೆಕ್ಕ ಹಾಕಿದ್ದಾರೆಯೇ, ನಿಮ್ಮ ಹಂತದ ಜಮೀನಿನ ಮೇಲೆ ಮಾತ್ರವೇ ಎಂಬುದನ್ನು ನೋಡಿ. ಪಾಲಿಕೆಗೆ ಅಥವಾ ಬಿಡಿಎಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ ಮೂಲ ನಕ್ಷೆ ಮತ್ತು ಮಾರ್ಪಡಿಸಿದ ನಕ್ಷೆ ಎರಡರ ದೃಢೀಕೃತ ಪ್ರತಿಗಳನ್ನೂ ಪಡೆಯಿರಿ. ಮೊದಲ ನಕ್ಷೆಯಲ್ಲಿ ಉದ್ಯಾನವಿದ್ದು, ನಂತರದ ನಕ್ಷೆಯಲ್ಲಿ ಟವರ್ ಬಂದಿದ್ದರೆ, ಅವೆರಡು ಹಾಳೆಗಳೇ ನಿಮ್ಮ ಮುಖ್ಯ ಸಾಕ್ಷ್ಯ.

ಅದು ಕೈಗೆ ಬಂದ ಕೂಡಲೇ 36ನೇ ಕಲಂ ಅಡಿ ಮಧ್ಯಂತರ ಆದೇಶ ಕೇಳಿ. ವಿಚಾರಣೆ ಮುಗಿಯುವವರೆಗೆ ಕೆಲಸ ನಿಲ್ಲಿಸುವಂತೆ ತಡೆಯುವ ಅಧಿಕಾರ ಪ್ರಾಧಿಕಾರಕ್ಕೆ ಇದೆ. ಪಾಯ ತೋಡುವ ಹಂತದಲ್ಲಿ ಕೇಳಿದ ತಡೆಯಾಜ್ಞೆಗೂ ಹತ್ತು ಮಹಡಿ ಏರಿದ ಮೇಲೆ ಕೇಳಿದ್ದಕ್ಕೂ ಬಹಳ ವ್ಯತ್ಯಾಸವಿದೆ, ಏಕೆಂದರೆ ಅಷ್ಟರಲ್ಲಿ ಆ ಮಹಡಿಗಳಲ್ಲೂ ನಿಮ್ಮಂಥವರೇ ಹಣ ಹಾಕಿರುತ್ತಾರೆ.

ವರ್ತೂರು ನಿವಾಸಿಗಳ ಸಂಘದ ಕಾರ್ಯದರ್ಶಿ

ವಕೀಲರು ಹೇಳಿದ್ದನ್ನು ಬಹುಪಾಲು ಒಪ್ಪುತ್ತೇನೆ, ಆದರೆ ಗ್ರಾಹಕ ಆಯೋಗವನ್ನು ಮರೆಯಬಾರದು. ರೇರಾ ಇದ್ದರೂ ಗ್ರಾಹಕ ಆಯೋಗದ ದಾರಿ ಮುಚ್ಚಿಲ್ಲವೆಂದು ಸುಪ್ರೀಂ ಕೋರ್ಟಿನ 2020ರ ನವೆಂಬರ್ 2ರ ಇಂಪೀರಿಯಾ ಸ್ಟ್ರಕ್ಚರ್ಸ್ ತೀರ್ಪು ಸ್ಪಷ್ಟಪಡಿಸಿದೆ. 2021ರ ಡಿಸೆಂಬರ್‌ನ ನಿಯಮಗಳ ಪ್ರಕಾರ ಕೊಟ್ಟ ಹಣ 50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗ, 50 ಲಕ್ಷದಿಂದ 2 ಕೋಟಿಯವರೆಗೆ ರಾಜ್ಯ ಆಯೋಗ, ಅದಕ್ಕಿಂತ ಹೆಚ್ಚಾದರೆ ದೆಹಲಿಯ ರಾಷ್ಟ್ರೀಯ ಆಯೋಗ. ಹೆಣ್ಣೂರಿನವರದು 78 ಲಕ್ಷವಾದ್ದರಿಂದ ಬೆಂಗಳೂರಿನಲ್ಲೇ ಇರುವ ರಾಜ್ಯ ಆಯೋಗಕ್ಕೆ ಹೋಗಬಹುದು.

ನಾನು ಗ್ರಾಹಕ ಆಯೋಗದ ಪರವಾಗಿ ಮಾತನಾಡಲು ಕಾರಣ ಆದೇಶದ ಜಾರಿ. ರೇರಾ ಆದೇಶ ಬಂದ ಮೇಲೂ ಹಣ ಕೈಗೆ ಬಾರದೆ ಅಲೆಯುತ್ತಿರುವ ನೆರೆಹೊರೆಯವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ವಸೂಲಿ ಪತ್ರ ಜಿಲ್ಲಾಧಿಕಾರಿ ಕಚೇರಿಗೆ ಹೋಗುತ್ತದೆ, ಅಲ್ಲಿಂದ ತಹಶೀಲ್ದಾರ್ ಬಳಿ, ಅಲ್ಲಿ ಚುನಾವಣೆ, ಬರ, ಪ್ರವಾಹಗಳ ಕೆಲಸಗಳ ನಡುವೆ ಕಡತ ಕೂರುತ್ತದೆ. ಗ್ರಾಹಕ ಸಂರಕ್ಷಣಾ ಕಾಯ್ದೆಯ 72ನೇ ಕಲಂ ಪ್ರಕಾರ ಆಯೋಗದ ಆದೇಶ ಪಾಲಿಸದವರಿಗೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು ಶಿಕ್ಷೆ ವಿಧಿಸಬಹುದು. ಕಂಪನಿಯ ನಿರ್ದೇಶಕರಿಗೆ ವಾರಂಟ್ ಬಂದಾಗ ಹಣ ಹೊರಡುವ ವೇಗವೇ ಬೇರೆ.

ಗುಂಪಾಗಿ ಹೋಗುವವರಿಗೆ ಒಂದು ಎಚ್ಚರಿಕೆಯ ಮಾತು. ಬೆಂಗಳೂರಿನ ಬ್ರಿಗೇಡ್ ಎಂಟರ್‌ಪ್ರೈಸಸ್ ಕುರಿತ 2021ರ ಡಿಸೆಂಬರ್ 17ರ ತೀರ್ಪಿನಲ್ಲಿ, 1,134 ಫ್ಲ್ಯಾಟ್‌ಗಳ ಸಮುಚ್ಚಯದ 51 ಫ್ಲ್ಯಾಟ್‌ಗಳ 91 ಖರೀದಿದಾರರು ಎಲ್ಲರ ಪರವಾಗಿ ದೂರು ಹಾಕಿದ್ದರು. ಎಲ್ಲರ ಹಿತಾಸಕ್ತಿಯೂ ಒಂದೇ ಎಂಬುದನ್ನು ದೂರಿನಲ್ಲಿ ತೋರಿಸದಿದ್ದರೆ ಪ್ರಾತಿನಿಧಿಕ ದೂರು ನಿಲ್ಲದು, ಆದರೆ ಸಹಿ ಹಾಕಿದವರ ಜಂಟಿ ದೂರಾಗಿ ಅದನ್ನು ನಡೆಸಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಹಾಗಾಗಿ ಬೇರೆ ಬೇರೆ ಟವರ್, ಬೇರೆ ಬೇರೆ ಸ್ವಾಧೀನ ದಿನಾಂಕಗಳಿರುವವರನ್ನು ಒಂದೇ ಅರ್ಜಿಯಲ್ಲಿ ತುಂಬಬೇಡಿ. ಉದ್ಯಾನದಂತಹ ವಿಷಯಕ್ಕೆ ಮಾತ್ರ ಎಲ್ಲರೂ ಒಟ್ಟಾಗಿ ಹೋಗುವುದು ಒಳ್ಳೆಯದು.

ರೇರಾ ವಕೀಲೆ

ಕಾರ್ಯದರ್ಶಿಯವರು ಜಾರಿಯ ಬಗ್ಗೆ ಹೇಳಿದ್ದು ಸತ್ಯ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೂ ಹೆಣ್ಣೂರಿನವರ ಪ್ರಕರಣದಲ್ಲಿ ನನ್ನ ಆಯ್ಕೆ ರೇರಾ. ಹೊಸ ಟವರ್ ನಿಲ್ಲಿಸುವುದು ಅವರ ಮುಖ್ಯ ಬೇಡಿಕೆ, ಅದಕ್ಕೆ ಬೇಕಾದ ನಕ್ಷೆ, ನೋಂದಣಿ, ಹಂತಗಳ ದಾಖಲೆಗಳೆಲ್ಲ ಇರುವುದು ಪ್ರಾಧಿಕಾರದ ಬಳಿ. ಬಡ್ಡಿಯ ದರವೂ ನಿಯಮದಲ್ಲೇ ನಿಗದಿಯಾಗಿದೆ. ಆಯೋಗಗಳಲ್ಲಿ ಅದು ಪ್ರಕರಣದಿಂದ ಪ್ರಕರಣಕ್ಕೆ ಬದಲಾಗುತ್ತದೆ. ಬಿಲ್ಡರ್ ಮೇಲ್ಮನವಿಗೆ ಹೋದರೆ 43ನೇ ಕಲಂ ಪ್ರಕಾರ ಖರೀದಿದಾರರಿಗೆ ಕೊಡಬೇಕಾದ ಪೂರ್ತಿ ಮೊತ್ತವನ್ನು ನ್ಯಾಯಮಂಡಳಿಯಲ್ಲಿ ಮೊದಲು ಠೇವಣಿ ಇಡಬೇಕು. ಮೇಲ್ಮನವಿ ಸೋತರೆ ಆ ಹಣ ಅಲ್ಲಿಯೇ ಸಿದ್ಧವಿರುತ್ತದೆ. ಇನ್ನು ಹೂಡಿಕೆಗೆಂದೇ ಎರಡು ಮೂರು ಫ್ಲ್ಯಾಟ್ ಕೊಂಡವರನ್ನು ಗ್ರಾಹಕರಲ್ಲವೆಂದು ಆಯೋಗದಲ್ಲಿ ಬಿಲ್ಡರ್ ಪ್ರಶ್ನಿಸಬಹುದು. ರೇರಾದಲ್ಲಿ ಆ ತೊಡಕಿಲ್ಲ. ಆದರೆ ಆಯೋಗಕ್ಕೆ ಹೋಗುವುದಾದರೆ ಕಾರಣ ಉಂಟಾದ ದಿನದಿಂದ ಎರಡು ವರ್ಷದ ಕಾಲಮಿತಿ ಇದೆ ಎಂಬುದನ್ನು ನೆನಪಿಡಿ. ಒಂದೇ ಪರಿಹಾರಕ್ಕೆ ಎರಡೂ ಕಡೆ ದೂರು ಕೊಡುವ ಯೋಚನೆ ಮಾತ್ರ ಬೇಡ.

ರೇರಾದೊಳಗೂ ಎರಡು ಬಾಗಿಲುಗಳಿವೆ. ಹಣ ವಾಪಸು, ಬಡ್ಡಿ, ತಡೆಯಾಜ್ಞೆ ಇವನ್ನು ಕೇಳಬೇಕಾದದ್ದು ಪ್ರಾಧಿಕಾರದ ಮುಂದೆ. 12, 14, 18 ಮತ್ತು 19ನೇ ಕಲಂಗಳ ಅಡಿಯ ನಷ್ಟ ಪರಿಹಾರವನ್ನು ಮಾತ್ರ ನ್ಯಾಯನಿರ್ಣಯಾಧಿಕಾರಿ ನಿರ್ಧರಿಸುತ್ತಾರೆ. ನ್ಯೂಟೆಕ್ ತೀರ್ಪು ಈ ಗಡಿಯನ್ನು ಸ್ಪಷ್ಟಪಡಿಸಿದೆ. ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ಕೇಳಿದರೆ ಅರ್ಧ ಬೇಡಿಕೆ ವ್ಯಾಪ್ತಿಯ ಹೊರಗೆಂದು ಬಿದ್ದುಹೋಗುತ್ತದೆ.

ನಿವೃತ್ತ ಬ್ಯಾಂಕ್ ಅಧಿಕಾರಿ

ಸಾಲದ ಕಂತಿನ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಬಿಲ್ಡರ್ ಮೇಲಿನ ಕೋಪಕ್ಕೆ ಕಂತು ನಿಲ್ಲಿಸಬೇಡಿ. ಸಾಲದ ಕರಾರು ನಿಮ್ಮ ಮತ್ತು ಬ್ಯಾಂಕಿನ ನಡುವಿನದು. ಕಂತು ತಪ್ಪಿದರೆ ನಿಮ್ಮ ಕ್ರೆಡಿಟ್ ದಾಖಲೆ ಕೆಡುತ್ತದೆ, ಬಾಕಿದಾರರ ಆಸ್ತಿಯನ್ನು ಬ್ಯಾಂಕ್ ವಶಕ್ಕೆ ಪಡೆಯಲು ಬಳಸುವ ಸರ್ಫೇಸಿ ಕಾಯ್ದೆಯ ನೋಟಿಸ್ ನಿಮ್ಮ ಹೆಸರಿಗೇ ಬರುತ್ತದೆ. ಆದರೆ ಬಿಲ್ಡರ್ ಮುಂದಿನ ಕಂತು ಕೇಳಿದಾಗ, ಕೆಲಸ ಆ ಹಂತ ತಲುಪಿಲ್ಲವಾದರೆ, ಹಣ ಬಿಡುಗಡೆ ಮಾಡಬೇಡಿ ಎಂದು ಬ್ಯಾಂಕಿಗೆ ಲಿಖಿತವಾಗಿ ತಿಳಿಸುವುದು ನಿಮ್ಮ ಹಕ್ಕು.

ಇನ್ನೊಂದು, ಋಣಭಾರ ಪತ್ರವನ್ನು (ಇಸಿ) ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಈಗ ಮತ್ತೊಮ್ಮೆ ತೆಗೆಸಿ ನೋಡಿ. ನಿಮ್ಮೊಂದಿಗೆ ಕರಾರು ಮಾಡಿಕೊಂಡ ಮೇಲೆ ಅದೇ ಫ್ಲ್ಯಾಟನ್ನು ಬಿಲ್ಡರ್ ಅಡಮಾನ ಇಡುವಂತಿಲ್ಲ, ಇಟ್ಟರೂ ಅದು ನಿಮ್ಮ ಹಕ್ಕನ್ನು ಬಾಧಿಸುವುದಿಲ್ಲವೆಂದು ರೇರಾ 11ನೇ ಕಲಂ ಹೇಳುತ್ತದೆ. ಬಿಲ್ಡರ್‌ಗೆ ಸಾಲ ಕೊಟ್ಟ ಬ್ಯಾಂಕ್ ಆಸ್ತಿಯನ್ನು ವಶಕ್ಕೆ ಪಡೆಯಲು ಬಂದರೆ, ಆ ಬ್ಯಾಂಕಿನ ವಿರುದ್ಧವೂ ರೇರಾ ಮುಂದೆ ಹೋಗಬಹುದು. ರಾಜಸ್ಥಾನದ ಪ್ರಕರಣವೊಂದರಲ್ಲಿ 2022ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಯೂನಿಯನ್ ಬ್ಯಾಂಕಿನ ಅರ್ಜಿಯನ್ನು ತಳ್ಳಿಹಾಕಿ ಇದನ್ನು ಎತ್ತಿಹಿಡಿದಿದೆ.

ದುಬೈನಲ್ಲಿರುವ ಕನ್ನಡಿಗ

ನಮ್ಮದೂ ಇಂಥದೇ ಸಮಸ್ಯೆ, ಆದರೆ ನಾನು ಊರಿಗೆ ಬಂದು ವಿಚಾರಣೆಗೆ ಹಾಜರಾಗುವುದು ಸಾಧ್ಯವಿಲ್ಲ. ಬೆಂಗಳೂರಿನಲ್ಲಿರುವ ನನ್ನ ಭಾವ ನನ್ನ ಪರವಾಗಿ ದೂರು ಕೊಡಬಹುದೇ?

ರೇರಾ ವಕೀಲೆ

ಕೊಡಬಹುದು. ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿದ ಅಧಿಕಾರಪತ್ರವನ್ನು ಭಾವನ ಹೆಸರಿಗೆ ಕಳುಹಿಸಿ. ಅದು ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಇದನ್ನು ಅನೇಕರು ಮರೆಯುತ್ತಾರೆ. ಅಧಿಕಾರಪತ್ರದಲ್ಲಿ ದೂರು ಸಲ್ಲಿಸುವುದು, ರಾಜಿಗೆ ಸಹಿ ಹಾಕುವುದು, ಅಮಲ್ಜಾರಿ (ಆದೇಶದ ಜಾರಿ) ಅರ್ಜಿ ಹಾಕುವುದು ಎಂದು ಬಿಡಿಬಿಡಿಯಾಗಿ ಬರೆಯಿರಿ. ಕ್ರಯಪತ್ರಕ್ಕೆ ಸಹಿ ಹಾಕುವ ಅಧಿಕಾರವನ್ನು ಅದರಲ್ಲಿ ಸೇರಿಸಬೇಕೇ ಬೇಡವೇ ಎಂಬುದನ್ನು ಯೋಚಿಸಿ ನಿರ್ಧರಿಸಿ.

ಮೈಸೂರಿನ ನಿವೇಶನದಾರ

ನಮ್ಮದು ಫ್ಲ್ಯಾಟ್ ಅಲ್ಲ, ಬಡಾವಣೆಯ ನಿವೇಶನ. ಡೆವಲಪರ್ ರೇರಾದಲ್ಲಿ ನೋಂದಣಿಯನ್ನೇ ಮಾಡಿಸಿಲ್ಲ. ಪೊಲೀಸರಿಗೆ ದೂರು ಕೊಡುವುದೇ ಸರಿಯೆಂದು ಸ್ನೇಹಿತರು ಹೇಳುತ್ತಿದ್ದಾರೆ.

ರೇರಾ ವಕೀಲೆ

ಬಡಾವಣೆಗಳಿಗೂ ಕಾಯ್ದೆ ಅನ್ವಯಿಸುತ್ತದೆ. ಜಮೀನು 500 ಚದರ ಮೀಟರ್‌ಗಿಂತ ಹೆಚ್ಚಿದ್ದರೆ ನೋಂದಣಿ ಕಡ್ಡಾಯ, ಮಾಡಿಸದಿದ್ದರೆ ಯೋಜನೆಯ ಅಂದಾಜು ವೆಚ್ಚದ ಶೇ. 10ರವರೆಗೆ ದಂಡ. ನೋಂದಣಿ ಮಾಡಿಸದ ತಪ್ಪು ಡೆವಲಪರ್‌ನದು; ಅದರಿಂದ ನಿಮ್ಮ ದೂರು ಕೊಡುವ ಹಕ್ಕು ಹೋಗುವುದಿಲ್ಲ.

ಪೊಲೀಸ್ ದೂರು ಎಲ್ಲ ಪ್ರಕರಣಕ್ಕೂ ಮದ್ದಲ್ಲ. ವಂಚನೆಗೆ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ ಅಡಿ ಏಳು ವರ್ಷದವರೆಗೆ ಶಿಕ್ಷೆ ಇದೆ. 2024ರ ಜುಲೈ 1ಕ್ಕಿಂತ ಹಿಂದಿನ ಕೃತ್ಯಕ್ಕೆ ಹಳೆಯ ದಂಡ ಸಂಹಿತೆಯ 420. ಆದರೆ ಮಾತು ತಪ್ಪಿದ್ದೆಲ್ಲ ವಂಚನೆಯಾಗುವುದಿಲ್ಲ, ಆರಂಭದಿಂದಲೇ ಮೋಸದ ಉದ್ದೇಶ ಇತ್ತೆಂದು ತೋರಿಸಬೇಕು. ಒಂದೇ ನಿವೇಶನವನ್ನು ಇಬ್ಬರಿಗೆ ಮಾರಿರುವುದು, ನಕಲಿ ನಕ್ಷೆ, ಭೂಪರಿವರ್ತನೆಯಾಗದ ಜಮೀನನ್ನು ಆಗಿದೆಯೆಂದು ಹೇಳಿ ಮಾರಿರುವುದು, ಸರ್ಕಾರ ಮಂಜೂರು ಮಾಡಿದ, ಪರಭಾರೆ ಮಾಡುವಂತಿಲ್ಲದ ಜಮೀನನ್ನು ಮುಚ್ಚಿಟ್ಟು ಮಾರಿರುವುದು, ಇಂಥವಿದ್ದರೆ ತಡಮಾಡದೆ ಪೊಲೀಸರ ಬಳಿ ಹೋಗಿ. ಹಕ್ಕುಪತ್ರದಲ್ಲೇ ದೋಷವಿದ್ದರೆ ರೇರಾ 18ನೇ ಕಲಂ ಅಡಿ ಕೇಳುವ ಪರಿಹಾರಕ್ಕೆ ಕಾಲಮಿತಿಯೇ ಇಲ್ಲವೆಂಬುದೂ ನಿಮಗೆ ತಿಳಿದಿರಲಿ.

ವರ್ತೂರು ನಿವಾಸಿಗಳ ಸಂಘದ ಕಾರ್ಯದರ್ಶಿ

ಹೆಣ್ಣೂರಿನವರಿಗೆ ಮತ್ತೊಂದು ಸೂಚನೆ. ಭಾಗಶಃ ಓಸಿಯ ಪ್ರತಿಯನ್ನು ಓದದೆ ನಂಬಬೇಡಿ. ಅದರಲ್ಲಿ ನಿಮ್ಮ ಟವರ್, ನಿಮ್ಮ ಮಹಡಿ ಸೇರಿದೆಯೇ, ಯಾವ ಷರತ್ತುಗಳಿವೆ ಎಂದು ನೋಡಿ. ಓಸಿ ಇಲ್ಲದ ಕಟ್ಟಡಕ್ಕೆ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬಾರದೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರಂದು ನಿರ್ದೇಶನ ನೀಡಿದ ಮೇಲೆ ಬೆಂಗಳೂರಿನಲ್ಲಿ ಎಷ್ಟೋ ಮನೆಗಳವರು ಕೀಲಿ ಕೈಯಲ್ಲಿದ್ದರೂ ಮೀಟರ್ ಇಲ್ಲದೆ ಕಷ್ಟಪಟ್ಟಿದ್ದಾರೆ. ಓಸಿ ಕೊಡಿಸದಿರುವುದು ಸೇವಾ ನ್ಯೂನತೆ, ಅದು ಮುಂದುವರಿಯುವ ತಪ್ಪು ಎಂದು 2022ರ ಜನವರಿಯ ಸಮೃದ್ಧಿ ಸಹಕಾರಿ ಗೃಹ ಸಂಘದ ತೀರ್ಪೂ ಇದೆ.

ಹೆಣ್ಣೂರಿನ ಖರೀದಿದಾರ

ಓಸಿಯ ಪ್ರತಿಯನ್ನು ನಾವು ಇನ್ನೂ ಕಂಡಿಲ್ಲ, ಪತ್ರದಲ್ಲಿ ಉಲ್ಲೇಖ ಮಾತ್ರ ಇದೆ. ಸೋಮವಾರವೇ ಕೇಳುತ್ತೇವೆ. ಕೊನೆಯದಾಗಿ ಒಂದು ಆತಂಕ: ನಾವು ದೂರು ಕೊಟ್ಟರೆ ಬಿಲ್ಡರ್ ದಿವಾಳಿಯೆಂದು ಕೈಯೆತ್ತಿದರೆ?

ರೇರಾ ವಕೀಲೆ

ನಿಮ್ಮ ಟವರ್ ಮುಗಿಯುವ ಹಂತದಲ್ಲಿ ಇರುವುದರಿಂದ ಆ ಸಾಧ್ಯತೆ ಕಡಿಮೆ, ಆದರೂ ತಿಳಿದಿರುವುದು ಒಳ್ಳೆಯದು. 2018ರಿಂದ ಮನೆ ಖರೀದಿದಾರರನ್ನು ದಿವಾಳಿ ಸಂಹಿತೆಯಡಿ ಹಣಕಾಸು ಸಾಲಿಗರು, ಅಂದರೆ ಬಿಲ್ಡರ್‌ಗೆ ಸಾಲ ಕೊಟ್ಟವರು ಎಂದು ಪರಿಗಣಿಸಲಾಗುತ್ತದೆ. ಸಾಲಿಗರ ಸಮಿತಿಯಲ್ಲಿ ನಿಮಗೆ ಪ್ರತಿನಿಧಿ ಮೂಲಕ ಮತವಿರುತ್ತದೆ. ಪ್ರಕ್ರಿಯೆ ಆರಂಭವಾದರೆ ಬೇರೆ ಎಲ್ಲ ವಸೂಲಿಗಳೂ ನಿಲ್ಲುತ್ತವೆ, ಆಗ ನಿಮಗೆ ಬರಬೇಕಾದದ್ದರ ಕ್ಲೇಮ್ ಅನ್ನು ಗಡುವಿನೊಳಗೆ ಸಲ್ಲಿಸಬೇಕು. ರೇರಾ ಆದೇಶ ಪಡೆದವರನ್ನು ಉಳಿದ ಖರೀದಿದಾರರಿಗಿಂತ ಕೆಳದರ್ಜೆಯಲ್ಲಿ ಇಡಬಾರದೆಂದು 2023ರ ಅಕ್ಟೋಬರ್‌ನ ವಿಶಾಲ್ ಚೆಲಾನಿ ತೀರ್ಪು ಹೇಳಿದೆ. ಆದ್ದರಿಂದ ದೂರು ಕೊಟ್ಟಿದ್ದರಿಂದ ನಿಮಗೆ ಹಾನಿಯಿಲ್ಲ. ಖರೀದಿದಾರರೇ ದಿವಾಳಿ ಅರ್ಜಿ ಹಾಕಬೇಕೆಂದರೆ ಒಂದೇ ಯೋಜನೆಯ ಕನಿಷ್ಠ 100 ಮಂದಿ ಅಥವಾ ಒಟ್ಟು ಖರೀದಿದಾರರಲ್ಲಿ ಶೇ. 10 ಮಂದಿ ಬೇಕು. ಮನೆ ಬೇಕೆನ್ನುವವರಿಗೆ ಆ ದಾರಿಯನ್ನು ನಾನು ಸಲಹೆ ಮಾಡುವುದಿಲ್ಲ.

ಸೋಮವಾರದ ಕೆಲಸಕ್ಕೆ ಒಂದು ಮಾತು ಸೇರಿಸುತ್ತೇನೆ. ಓಸಿ ಪ್ರತಿಯನ್ನು ಬಾಯಲ್ಲಿ ಕೇಳದೆ ಪತ್ರದಲ್ಲೇ ಕೇಳಿ, ಅದರ ಪ್ರತಿ ಕೊಡುವವರೆಗೆ ಮೂವತ್ತು ದಿನದ ಗಡುವು ಆರಂಭವಾಗುವುದಿಲ್ಲ ಎಂಬ ನಿಮ್ಮ ನಿಲುವನ್ನೂ ಅದರಲ್ಲೇ ದಾಖಲಿಸಿ. ಬ್ರೋಷರ್‌ನ ಮೂಲ ಪ್ರತಿ, ಅದನ್ನು ಕಳುಹಿಸಿದ ಇಮೇಲ್, ಬಿಲ್ಡರ್ ಜಾಲತಾಣದಲ್ಲಿ ಉದ್ಯಾನ ಇನ್ನೂ ಕಾಣುತ್ತಿದ್ದರೆ ಆ ಪುಟದ ದಿನಾಂಕ ಸಹಿತ ಚಿತ್ರ, ಪಾಯ ತೋಡುತ್ತಿರುವ ಜಾಗದ ಇವತ್ತಿನ ಫೋಟೋ, ಇವನ್ನು ಈ ವಾರಾಂತ್ಯದಲ್ಲೇ ಒಂದು ಕಡತದಲ್ಲಿ ಸೇರಿಸಿ. ಪತ್ರ ತಲುಪಿದ ಮೇಲೆ ಜಾಲತಾಣದ ಚಿತ್ರಗಳು ಬದಲಾಗುವುದು ಸಾಮಾನ್ಯ.